ನವನಗರದ ಹೊಸ ಸ್ಕೇಟಿಂಗ್ ರಿಂಕ್: ಭಾನುವಾರ ಸಾರ್ವಜನಿಕರಿಗೆ ಬಿಡೋ ಮುಂಚೆ ಏನೇನು ನೋಡ್ಕೋಬೇಕು?

ನವನಗರ_ಹುಬ್ಬಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮೈದಾನದಾಗ ಸ್ಕೇಟಿಂಗ್ ರಿಂಕ್ ಸಿದ್ಧವಾಗಿದೆ. 40 ಮೀಟರ್ ಉದ್ದ, 20 ಮೀಟರ್ ಅಗಲ, ಟ್ರೋವೆಲ್ ಹೊಡೆದ ಕಾಂಕ್ರೀಟ್ ನೆಲ. ಸುತ್ತ ಕಬ್ಬಿಣದ ಪೈಪಿನ ರೇಲಿಂಗ್ ಇದೆ, ಮೇಲೆ ಶೆಡ್ ಇಲ್ಲ, ನಾಲ್ಕು ಮೂಲೆಗೆ ನಾಲ್ಕು ಲೈಟ್ ಕಂಬ. ವಾರದ ದಿನಗಳಲ್ಲಿ ಕೋಚಿಂಗ್ ನಡೆಯುತ್ತದೆ, ಅದಕ್ಕೆ ಕೋಚ್ ಇದ್ದಾರೆ. ಭಾನುವಾರ ಸಂಜೆ 4ರಿಂದ 8ರವರೆಗೆ ಯಾರು ಬೇಕಾದರೂ ಬಂದು ಆಡಲಿ ಅಂತ ಸಂಘದವರು ತೀರ್ಮಾನ ಮಾಡಿದ್ದೇವೆ. ಬಾಡಿಗೆಗೆ ಕೊಡಲು 40 ಜೋಡಿ ಸ್ಕೇಟ್ ಇವೆ. ಹೆಚ್ಚಿನವು ಗಾಲಿಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್, ಕೆಲವು ಮುಂದೆರಡು ಹಿಂದೆರಡು ಗಾಲಿಯ ಕ್ವಾಡ್.

ಬರುವವರಲ್ಲಿ ಮುಕ್ಕಾಲು ಪಾಲು ಜನ ಮೊದಲ ಸಲ ಸ್ಕೇಟ್ ಕಟ್ಟೋರು. ಜೊತೆಗೆ ಕೋಚಿಂಗ್ ಹುಡುಗರೂ ಬರ್ತಾರೆ, ಅವರು ಸುಂಟರಗಾಳಿ ಹಂಗ ಓಡ್ತಾರೆ. ಒಂದೇ ಹೊತ್ತಿಗೆ ಎಷ್ಟು ಜನರನ್ನು ಬಿಡಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು, ಬಿದ್ದರೆ ಏನು ಮಾಡಬೇಕು, ನೆಲ ಮತ್ತು ರೇಲಿಂಗ್‌ನಲ್ಲಿ ಈಗಲೇ ಏನು ಸರಿಮಾಡಿಸಬೇಕು? ಹೆಣ್ಣುಮಕ್ಕಳು, ವಯಸ್ಸಾದವರು ಸಂಕೋಚ ಇಲ್ಲದೆ ಬರುವಂಥ ವಾತಾವರಣ ಇರಬೇಕು ಅನ್ನೋದೂ ನಮ್ಮ ಆಸೆ. ಬಲ್ಲವರು ವಿವರವಾಗಿ ಬರೀರಿ.

---

ರಿಂಕ್_ಕೋಚ್_ಧಾರವಾಡ:

ಮೊದಲು ಸಂಖ್ಯೆ ಗೊತ್ತುಮಾಡ್ರಿ. ನಿಮ್ಮ ನೆಲ 800 ಚದರ ಮೀಟರ್. ಮುಕ್ಕಾಲು ಪಾಲು ಹೊಸಬರೇ ಇದ್ದರೆ ಒಂದು ಸಲಕ್ಕೆ 60 ಜನಕ್ಕಿಂತ ಹೆಚ್ಚು ಬಿಡಬಾರದು ಅನ್ನೋದು ನನ್ನ ಲೆಕ್ಕ. 45 ನಿಮಿಷದ ಒಂದು ಬ್ಯಾಚ್, ನಡುವೆ 15 ನಿಮಿಷ ರಿಂಕ್ ಪೂರ್ತಿ ಖಾಲಿ. ಆ 15 ನಿಮಿಷದಲ್ಲಿ ನೆಲ ಗುಡಿಸೋದು, ಸ್ಕೇಟ್ ಬದಲಿಸೋದು, ಮುಂದಿನವರನ್ನು ಕಟ್ಟಿ ಕೂರಿಸೋದು ಎಲ್ಲ ಮುಗಿಯಬೇಕು. ಬ್ಯಾಚಿಗೊಂದು ಬಣ್ಣದ ಕಾಗದದ ಪಟ್ಟಿ ಕೈಗೆ ಕಟ್ಟಿದರೆ ಯಾರ ಹೊತ್ತು ಮುಗಿಯಿತು ಅನ್ನೋ ಜಗಳ ಇರೋದಿಲ್ಲ. 45 ನಿಮಿಷ ಸಾಲದು ಅಂತ ಜನ ಕೇಳ್ತಾರೆ. ಕೊಡಬ್ಯಾಡ್ರಿ. ಹೊಸಬರ ತೊಡೆ ಅಷ್ಟರಲ್ಲೇ ಸೋತಿರುತ್ತದೆ, ಮೊಣಕಾಲು ಬಾಗಿಸೋದು ಬಿಟ್ಟು ನೆಟ್ಟಗೆ ನಿಲ್ಲಲು ಶುರುಮಾಡ್ತಾರೆ, ಬೀಳೋದು ಆವಾಗ.

ಎರಡನೇದು ಜಾಗ ಹಂಚೋದು. ರಿಂಕಿನಲ್ಲಿ ಡಿಕ್ಕಿಗೆ ಮೂಲ ಕಾರಣ ಬರೀ ವೇಗ ಅಲ್ಲ, ಪಕ್ಕಪಕ್ಕದಲ್ಲಿ ಇರುವವರ ವೇಗದ ಅಂತರ. ಕೋಚಿಂಗ್ ಹುಡುಗ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತಾನೆ. ಮುಂದೆ ಒಬ್ಬರು ಬಿದ್ದದ್ದನ್ನು ಅವನು ಕಂಡು ಕಾಲು ತಿರುಗಿಸೋ ಹೊತ್ತಿಗೆ ಅವರ ಮೇಲೇ ಇರುತ್ತಾನೆ. ಹಾಗಾಗಿ ಹೀಗೆ ಮಾಡ್ರಿ.

ಗೇಟ್ ಇರುವ ಕಡೆಯ ಅಗಲದ ಬದಿಯಲ್ಲಿ 7 ಮೀಟರ್ ಬಿಟ್ಟು ಅಡ್ಡಕ್ಕೆ ಕೋನ್ ಸಾಲು ಹಾಕಿ. ಅದು ಹೊಸಬರ ಜಾಗ. ಗೇಟ್ ಅಲ್ಲೇ ಇರಬೇಕು, ಇಲ್ಲದಿದ್ದರೆ ಏನೂ ಬಾರದವರು ಓಡಾಟದ ನಡುವೆ ಹಾದು ಅಲ್ಲಿಗೆ ಹೋಗಬೇಕಾಗುತ್ತದೆ. ಉಳಿದ 33 × 20 ಮೀಟರಿನ ನಡುವೆ 15 × 5 ಮೀಟರ್ ಜಾಗವನ್ನು ಕೋನ್ ಇಟ್ಟು ದ್ವೀಪ ಮಾಡಿ. ತಿರುಗೋದು, ಹಿಂದಕ್ಕೆ ಆಡೋದು, ಒಂಟಿ ಕಾಲಿನ ಅಭ್ಯಾಸ ಎಲ್ಲ ಅದರೊಳಗೆ. ಸುತ್ತ ಕನಿಷ್ಠ ಏಳೂವರೆ ಮೀಟರ್ ಅಗಲದ ದಾರಿ ಉಳಿಯುತ್ತದೆ. ಅದರಲ್ಲಿ ರೇಲಿಂಗ್ ಕಡೆಯ 3 ಮೀಟರ್ ನಿಧಾನದವರಿಗೆ, ಒಳಗಿನದು ಬಲ್ಲವರಿಗೆ. ಕೋನ್ ಅಂದರೆ ಆಟದ ಮೈದಾನದಲ್ಲಿ ಇಡುವ ಮೆತ್ತನೆಯ ತಟ್ಟೆಯಂಥವು. ಇಟ್ಟಿಗೆ, ಕಲ್ಲು, ನೀರಿನ ಬಾಟಲಿ ಇಟ್ಟು ಗುರುತು ಮಾಡೋದು ಬೇಡವೇ ಬೇಡ. ಸುಣ್ಣದ ಪುಡಿಯ ಗೆರೆಯೂ ಬೇಡ, ಗಾಲಿಗೆ ಮೆತ್ತಿ ಜಾರುತ್ತದೆ.

ದಿಕ್ಕು ಗಡಿಯಾರದ ಮುಳ್ಳಿಗೆ ವಿರುದ್ಧ, ಅಂದರೆ ಎಡಕ್ಕೆ ತಿರುಗುತ್ತಾ ಹೋಗೋದು. ಸ್ಪೀಡ್ ಸ್ಪರ್ಧೆಗಳ ದಿಕ್ಕೂ ಅದೇ, ಕೋಚಿಂಗ್ ಮಕ್ಕಳ ಕಾಲಿಗೂ ಅದೇ ರೂಢಿ. ದಿಕ್ಕು ಬದಲಿಸಬೇಕು ಅಂತಿದ್ದರೆ ಎಲ್ಲರನ್ನೂ ನಿಲ್ಲಿಸಿ, ಘೋಷಣೆ ಮಾಡಿ, ಆಮೇಲೆ ಬದಲಿಸಿ. ಓಡುತ್ತಿರುವಾಗಲೇ ಬದಲಿಸಿದರೆ ಎದುರುಬದುರು ಡಿಕ್ಕಿ ತಪ್ಪಿದ್ದಲ್ಲ.

ಮೂರನೇದು ನಿಗಾ. ಅಮೆರಿಕದ ಕೆಲವು ರಾಜ್ಯಗಳ ರೋಲರ್ ಸ್ಕೇಟಿಂಗ್ ಕಾಯ್ದೆ ಸುಮಾರು 200 ಜನಕ್ಕೆ ಒಬ್ಬ ನಿಗಾದಾರ ಇರಬೇಕು ಅನ್ನುತ್ತದೆ. ಅಲ್ಲಿ ರಿಂಕಿಗೆ ಹೋಗೋದು ಹಳೇ ರೂಢಿ, ಆ ಲೆಕ್ಕ ನಮಗೆ ಸಾಲದು. ನಿಮಗೆ 20 ಜನಕ್ಕೆ ಒಬ್ಬರು ಬೇಕು. 60ಕ್ಕೆ ಮೂವರು: ಒಬ್ಬರು ಹೊಸಬರ ಜಾಗದಲ್ಲಿ, ಒಬ್ಬರು ಗೇಟಿನಲ್ಲಿ, ಇನ್ನೊಬ್ಬರು ಸ್ಕೇಟ್ ಕಟ್ಟಿಕೊಂಡು ಜನರ ಜೊತೆಯಲ್ಲೇ ಸುತ್ತುತ್ತಾ ಇರಬೇಕು. ಮೂವರಿಗೂ ಕಿತ್ತಳೆ ಬಣ್ಣದ ಜಾಕೆಟ್, ಕೊರಳಲ್ಲಿ ಸೀಟಿ. ಕುರ್ಚಿ ಹಾಕಿ ಕೂತ ನಿಗಾದಾರ ಇದ್ದೂ ಇಲ್ಲದಂಗ.

ಸೀಟಿಯ ಅರ್ಥ ಎರಡೇ ಇರಲಿ. ಚಿಕ್ಕದೊಂದು ಅಂದರೆ ನಿಧಾನ ಮಾಡಿ. ಉದ್ದದ್ದು ಅಂದರೆ ಎಲ್ಲರೂ ನಿಲ್ಲಿ. ಕರೆಂಟ್ ಹೋದಾಗಲೂ ಉದ್ದನೆಯ ಸೀಟಿ. ಹೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರೋದಿಲ್ಲ. ಎರಡು ಬ್ಯಾಟರಿ ಎಮರ್ಜೆನ್ಸಿ ಲೈಟ್ ಕಂಬಕ್ಕೆ ಕಟ್ಟಿಸಿ, ಪ್ರತಿ ಭಾನುವಾರ ಶುರುವಾಗೋ ಮುಂಚೆ ಮೇನ್ ಆಫ್ ಮಾಡಿ ಅವು ಹೊತ್ತುತ್ತವೆಯೋ ನೋಡಿ.

ಯಾರಾದರೂ ಬಿದ್ದರೆ ನಿಗಾದಾರ ಮೊದಲು ಅವರನ್ನು ಎತ್ತಲು ಹೋಗಬಾರದು. ಜನ ಬರುವ ದಿಕ್ಕಿಗೆ, ಬಿದ್ದವರಿಂದ ಮೂರು-ನಾಲ್ಕು ಮೀಟರ್ ಹಿಂದೆ, ಎರಡೂ ಕೈ ಚಾಚಿ ಅಡ್ಡ ನಿಲ್ಲಬೇಕು. ಒಬ್ಬರ ಮೇಲೆ ಮೂವರು ಬೀಳೋದು ತಪ್ಪೋದು ಇದರಿಂದಲೇ.

ಹೊಸಬರ ಜಾಗದಿಂದ ದೊಡ್ಡ ದಾರಿಗೆ ಬಿಡಲು ಒಂದು ಪರೀಕ್ಷೆ ಇಡಿ: ನಿಧಾನವಾಗಿ ಬಂದು 3 ಮೀಟರ್ ಒಳಗೆ ತಾವೇ ನಿಲ್ಲಬೇಕು, ಬೇಕಂತಲೇ ಬಿದ್ದು ಯಾರ ಕೈಯೂ ಹಿಡಿಯದೆ ಏಳಬೇಕು. ಇಷ್ಟು ಬಂದರೆ ಬಿಡಿ. ವಯಸ್ಸು, ಸ್ವಂತ ಸ್ಕೇಟ್, ಪರಿಚಯ ಯಾವುದೂ ಲೆಕ್ಕಕ್ಕಿಲ್ಲ.

ಬೀಳೋದು ಕಲಿಸುವ ಕ್ರಮ: ತೂಕ ತಪ್ಪಿತು ಅನ್ನಿಸಿದ ಕೂಡಲೇ ಕುರ್ಚಿಯಲ್ಲಿ ಕೂರುವವರಂತೆ ಕೆಳಗಿಳಿಯಬೇಕು, ಮುಂದಕ್ಕೆ ಬೀಳಬೇಕು, ಮೊದಲು ಮೊಣಕಾಲ ಪ್ಯಾಡ್, ಆಮೇಲೆ ಮೊಣಕೈ ಪ್ಯಾಡ್, ಕೊನೆಗೆ ಮಣಿಕಟ್ಟಿನ ಗಾರ್ಡ್ ನೆಲ ಮುಟ್ಟಬೇಕು. ಬಿದ್ದ ತಕ್ಷಣ ಬೆರಳು ಮಡಚಿ ಮುಷ್ಟಿ ಮಾಡಬೇಕು, ಬಿಚ್ಚಿದ ಬೆರಳ ಮೇಲೆ ಹಿಂದಿನವರ ಗಾಲಿ ಹಾಯುತ್ತದೆ. ಏಳುವಾಗ ಮೊದಲು ಎರಡೂ ಮೊಣಕಾಲ ಮೇಲೆ ಬಂದು, ಒಂದು ಪಾದ ಮುಂದಿಟ್ಟು, ಎರಡೂ ಕೈ ಆ ಮೊಣಕಾಲ ಮೇಲೆ ಊರಿ ಏಳಬೇಕು. ಕೈ ಹಿಡಿದು ಎಳೆದು ಎಬ್ಬಿಸಲು ಹೋದರೆ ಇಬ್ಬರೂ ಬೀಳ್ತಾರೆ.

ಖಂಡಿತ ನಿಷೇಧ ಮಾಡಬೇಕಾದದ್ದು: ಕೈ ಹಿಡಿದು ರೈಲು ಕಟ್ಟೋದು, ಮುಟ್ಟಾಟ, ಫೋನ್ ಮತ್ತು ಇಯರ್‌ಫೋನ್, ದಾರಿಯ ನಡುವೆ ನಿಂತು ಮಾತಾಡೋದು. ಎಲ್ಲಕ್ಕಿಂತ ಕೆಟ್ಟದ್ದು ದೊಡ್ಡವರು ಸ್ಕೇಟ್ ಕಟ್ಟಿಕೊಂಡು ಮಗುವನ್ನು ಎತ್ತಿಕೊಳ್ಳೋದು. ಅವರು ಬಿದ್ದರೆ ಅಷ್ಟೂ ಭಾರ ಮಗುವಿನ ಮೇಲೆ. ಇದರಲ್ಲಿ ಯಾರಿಗೂ ವಿನಾಯಿತಿ ಬೇಡ.

---

ಸೈಟ್_ಎಂಜಿನಿಯರ್_ಹಾವೇರಿ:

ಕೋಚ್ ಸರ್ ಜನರ ವಿಷಯ ಹೇಳಿದ್ದಾರೆ, ನಾನು ನೆಲ ಮತ್ತು ರೇಲಿಂಗ್ ಅಷ್ಟೇ ಹೇಳ್ತೀನಿ.

ಕೆಳಗೆ ಯಾವ ಮಣ್ಣಿದೆ ತಿಳಕೊಳ್ಳಿ. ಧಾರವಾಡದ ಪಶ್ಚಿಮಕ್ಕೆ ಮಸಾರಿ, ಅದು ಅಷ್ಟು ಕಾಡೋದಿಲ್ಲ. ಹುಬ್ಬಳ್ಳಿಯಿಂದ ನವಲಗುಂದ, ಗದಗಿನ ಕಡೆ ಎರಿ ಭೂಮಿ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದನ್ನು ತೆಗೆದು ಗರಸು ತುಂಬಿ ರೋಲರ್ ಹೊಡೆಯದೆ ಸ್ಲ್ಯಾಬ್ ಹಾಕಿದ್ದರೆ ಒಂದೆರಡು ಮಳೆಗಾಲದಲ್ಲಿ ಜಾಯಿಂಟ್‌ಗಳ ಹತ್ತಿರ ಒಂದು ಬದಿ ಎದ್ದು ಕೂರುತ್ತದೆ. ಈಗಾಗಲೇ ಹಾಕಿ ಆಗಿದೆಯಾದ್ದರಿಂದ ನೀವು ಮಾಡಬಹುದಾದದ್ದು ನೀರು ಸ್ಲ್ಯಾಬಿನ ಅಂಚಿಗೆ ಇಳಿಯದಂತೆ ನೋಡಿಕೊಳ್ಳೋದು. ಸುತ್ತ ಒಂದು ಮೀಟರ್ ಅಗಲ ಹೊರಗಿಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕಿಸಿ. ರೇಲಿಂಗ್ ಪಕ್ಕದಲ್ಲೇ ಹೂಗಿಡ ಹಚ್ಚಿ ದಿನಾ ನೀರು ಬಿಡೋದು ಬೇಡ. ಒಂದು ಬದಿ ಹಸಿ, ಒಂದು ಬದಿ ಒಣ ಆದರೆ ಸ್ಲ್ಯಾಬ್ ಓರೆಯಾಗೋದು ಖಚಿತ.

ಜಾಯಿಂಟ್ ಪರೀಕ್ಷೆ: ಅಲ್ಯೂಮಿನಿಯಂ ಪಟ್ಟಿಯನ್ನು ಜಾಯಿಂಟಿನ ಮೇಲೆ ಅಡ್ಡ ಇಡಿ. ಎರಡು ಬದಿಗೂ 3 ಮಿ.ಮೀ.ಗಿಂತ ಹೆಚ್ಚು ಏರುತಗ್ಗು ಕಂಡರೆ ಗ್ರೈಂಡರಿಗೆ ಡೈಮಂಡ್ ಕಪ್ ವ್ಹೀಲ್ ಹಾಕಿ ಒಂದು ಅಡಿ ಅಗಲದಷ್ಟು ಇಳಿಜಾರಾಗಿ ಸವರಿಸಿ, ಏಣು ಬಿಡಬೇಡಿ. ಪೆನ್ಸಿಲ್ ಇಳಿಯುವಷ್ಟು ಅಗಲದ ಬಿರುಕು ಇದ್ದರೆ ಸಣ್ಣ ಗಾಲಿ ಅದರಲ್ಲಿ ಸಿಗುತ್ತದೆ, ಅದೂ ಬಿರುಕು ಓಟದ ದಿಕ್ಕಿನಲ್ಲೇ ಉದ್ದಕ್ಕೆ ಇದ್ದಾಗ. ಬಿರುಕಿನ ದೂಳು ಗಾಳಿ ಹೊಡೆದು ತೆಗೆದು, ಪಿ.ಯು. (ಪಾಲಿಯುರೆಥೇನ್) ಸೀಲೆಂಟ್ ತುಂಬಿ ನೆಲದ ಮಟ್ಟಕ್ಕೆ ಸಮ ಮಾಡಿ. ಸಿಮೆಂಟ್ ಹಾಲು ಸುರಿದರೆ ಒಣಗಿದ ಮೇಲೆ ಚಕ್ಕೆ ಎದ್ದು ಆ ಚಕ್ಕೆಯೇ ಕಾಲಿಗೆ ಕಲ್ಲಾಗುತ್ತದೆ.

ನೀರು ನಿಲ್ಲುವ ಜಾಗ ಹುಡುಕಲು ಇಡೀ ನೆಲಕ್ಕೆ ನೀರು ಹಾಯಿಸಿ ಒಂದು ತಾಸು ಬಿಟ್ಟು ಬನ್ನಿ. ನಿಂತ ಮಡುಗಳ ಸುತ್ತ ಗುರುತು ಹಾಕಿ ತುಂಬಿಸಿ. ಶೆಡ್ ಇಲ್ಲದ ರಿಂಕಿಗೆ 200ಕ್ಕೆ 1ರಷ್ಟು ಇಳಿಜಾರು ಸಾಕು, 20 ಮೀಟರ್ ಅಗಲಕ್ಕೆ 10 ಸೆಂ.ಮೀ. ಆಡುವವರಿಗೆ ಅದು ಗೊತ್ತೂ ಆಗೋದಿಲ್ಲ.

ಚೆಂದ ಕಾಣಲಿ ಅಂತ ಹೊಳೆಯುವ ಎನಾಮಲ್ ಪೇಂಟ್ ಬಳಿಸಬೇಡಿ. ಇಬ್ಬನಿ ಬಿದ್ದ ಬೆಳಿಗ್ಗೆ ಅದರ ಮೇಲೆ ಚಪ್ಪಲಿ ಹಾಕಿದವರೂ ನಿಲ್ಲಲಾರರು.

ಇನ್ನು ರೇಲಿಂಗ್. ಬರೀ ಪೈಪ್ ಇರೋದೇ ನಿಮ್ಮ ರಿಂಕಿನ ದೊಡ್ಡ ದೋಷ. ಬಿದ್ದ ಮಗು ಕೆಳಗಿನ ಪೈಪಿನ ಅಡಿಗೆ ಜಾರಿದರೆ ಕಾಲು ಸಿಕ್ಕು ಮೈ ಮಾತ್ರ ತಿರುಗುತ್ತದೆ, ಎಲುಬು ಮುರಿಯಲು ಅಷ್ಟು ಸಾಕು. ಒಳಬದಿಗೆ ನೆಲದಿಂದ 1 ಮೀಟರ್ ಎತ್ತರದವರೆಗೆ ಫೈಬರ್ ಶೀಟ್ ಅಥವಾ ವಾಟರ್‌ಪ್ರೂಫ್ ಪ್ಲೈವುಡ್ ಹೊಡೆಸಿ. ಸ್ಕೇಟ್ ಕಟ್ಟಿ ಆಡುವ ಹಾಕಿ ಆಟದ ರಿಂಕಿನ ಸುತ್ತುಗೋಡೆಯ ಎತ್ತರವೂ ಅಷ್ಟೇ. ಶೀಟಿನ ಮೇಲೆ ಶೀಟ್ ಕೂಡಿಸುವಾಗ ಅಂಚು ಓಟದ ದಿಕ್ಕಿಗೆ ಎದುರಾಗಿ ಇರಬಾರದು. ಗೋಡೆಗೆ ಕೈ ಸವರುತ್ತಾ ಹೋಗುವವರ ಅಂಗೈ ಅಂಚಿನ ಮೇಲಿಂದ ಜಾರಿ ಇಳಿಯಬೇಕು, ಅಂಚಿಗೆ ಹೋಗಿ ತಾಗಬಾರದು. ಸ್ಕ್ರೂ ತಲೆ ಒಳಗೆ ಕೂರಬೇಕು. ಗೇಟ್ ರಿಂಕಿನ ಹೊರಗೆ ತೆರೆಯಬೇಕು, ಮುಚ್ಚಿದಾಗ ಗೋಡೆಗೆ ಸಮ ಇರಬೇಕು, ಚಿಲಕ ಹೊರಬದಿಗೆ. ಮೂಲೆಗಳು ಚೌಕವಾಗಿದ್ದರೆ ಅದೇ ಶೀಟನ್ನು ಬಾಗಿಸಿ ದುಂಡಗೆ ಮಾಡಿಸಿ. ಲೈಟ್ ಕಂಬ ಕೈಗೆ ಎಟುಕುವಷ್ಟು ಹತ್ತಿರ ಇದ್ದರೆ 2 ಮೀಟರ್ ಎತ್ತರದವರೆಗೆ ದಪ್ಪ ಫೋಮ್ ಸುತ್ತಿಸಿ.

ಕೊನೆಗೆ, ಇದನ್ನು ಬಹಳ ಜನ ಮರೀತಾರೆ: ಕಬ್ಬಿಣದ ರೇಲಿಂಗ್, ಕಬ್ಬಿಣದ ಕಂಬ, ಮಳೆ, ಬೆವರಿದ ಕೈ. ಕಂಬಗಳಿಗೆ ಸರಿಯಾದ ಅರ್ಥಿಂಗ್ ಮತ್ತು ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಲೈಟ್ ಹಚ್ಚಬೇಡಿ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ.

---

ಗದಗ_ಬೇರಿಂಗ್:

ಬಾಡಿಗಿ ಸ್ಕೇಟ್ ಬಗ್ಗೆ ಯಾರೂ ಹೇಳಿಲ್ಲ, ನಾ ಹೇಳ್ತೀನ್ರಿ.

ಮೊದಲ ಗಾಲಿ ನೋಡ್ರಿ. ಅಗ್ಗದ ಸ್ಕೇಟಿಗೆ ಪಿವಿಸಿ ಗಾಲಿ ಹಾಕಿರ್ತಾರ. ಕಲ್ಲಿನಂಗ ಗಟ್ಟಿ, ಮಿಂಚತಾವ, ಓಡಬೇಕಾದ್ರ ಗರಗರ ಸಪ್ಪಳ ಮಾಡ್ತಾವ. ಟ್ರೋವೆಲ್ ನೆಲದ ಮ್ಯಾಲೆ ಅವು ಹಿಡಿಯಂಗಿಲ್ಲ, ತಿರುವಿನ್ಯಾಗ ಕಾಲು ಬದಿಗಿ ಜಾರತೈತಿ. ಪಿ.ಯು. ಗಾಲಿನ ಬೇಕು. ಶೆಡ್ ಇಲ್ಲದ ಕಾಂಕ್ರೀಟಿಗೆ ಇನ್‌ಲೈನಿಗೆ 82ಎ-85ಎ ಗಟ್ಟಿತನ ಚಲೋ, ಅಂಕಿ ಹೆಚ್ಚಾದಂಗ ಗಾಲಿ ಗಟ್ಟಿ ಇರತೈತಿ. ಕ್ವಾಡಿಗೆ ಹೊಸಬರಿಗಾದ್ರ 78ಎ-85ಎ ಸಾಕು. 95ಎ ಮ್ಯಾಲಿಂದು ಒಳಾಂಗಣದ ಕಟ್ಟಿಗಿ ನೆಲಕ್ಕ, ನಿಮಗ ಬ್ಯಾಡ.

ಬ್ಯಾಚ್ ನಡುವಿನ 15 ನಿಮಿಷದಾಗ ಪ್ರತಿ ಜೋಡಿಗಿ ಇಷ್ಟ್ ನೋಡ್ರಿ:

ಎಂಟೂ ಗಾಲಿ ಬೆರಳಲೆ ತಿರುವ್ರಿ, ಯಾವುದರ ತಡದು ನಿಂತ್ರ ಅದರಾಗ ಕೂದಲ ಇಲ್ಲಾ ದಾರ ಸುತ್ತೈತಿ. ಗಾಲಿ ಹಿಡದು ಎಡಕ್ಕ-ಬಲಕ್ಕ ಅಲ್ಲಾಡಿಸ್ರಿ. ಕ್ವಾಡಿನ ನಟ್ 13 ಮಿ.ಮೀ. ಪಾನಾ. ಗಾಲಿ ನಿಲ್ಲೂ ತನಕ ಬಿಗದು ಕಾಲು ಸುತ್ತು ಸಡ್ಲ ಬಿಡ್ರಿ, ಕೂದಲೆಳಿಯಷ್ಟ ಆಟ ಇರಬೇಕು. ಆ ನಟ್ಟಿನೊಳಗ ನೈಲಾನ್ ಬಳಿ ಇರತೈತಿ, ಹತ್ತಾರ ಸಲ ಬಿಚ್ಚಿ ಹಾಕಿದ್ರ ಹಿಡಿತ ಹೋಗತೈತಿ. ಬರೇ ಕೈಲೆ ತಿರುಗೂ ನಟ್ ಇದ್ರ ಒಗದು ಹೊಸಾದು ಹಾಕ್ರಿ, ಇಲ್ಲಂದ್ರ ಓಡೂ ಮುಂದ ಗಾಲಿ ಕಳಚಿ ಹೋಗತೈತಿ. ಇನ್‌ಲೈನಿಗೆ 4 ಮಿ.ಮೀ. ಅಲನ್ ಕೀ ಬಹಳಷ್ಟಕ್ಕ ಕೂಡತೈತಿ.

ಇನ್‌ಲೈನಿನ ಹಿಮ್ಮಡಿ ಬ್ರೇಕ್ ರಬ್ಬರಿನ ಮ್ಯಾಲೆ ಗೆರಿ ಇದ್ರ ಗೆರಿ ತನಕ, ಇರಲಿಕ್ಕಂದ್ರ ಬೋಲ್ಟಿನ ತಲಿ ಕಾಣೂ ಮುಂಚೆ ಬದಲಿ ಮಾಡ್ರಿ. ಬೋಲ್ಟ್ ನೆಲಕ್ಕ ತಾಗಿತಂದ್ರ ಬ್ರೇಕ್ ಹಿಡಿಯಂಗಿಲ್ಲ, ಮತ್ತ ನೆಲಾನೂ ಕೆತ್ತತೈತಿ. ಕ್ವಾಡಿನ ಮುಂದಿನ ಟೋ ಸ್ಟಾಪ್ (ಬೆರಳ ಕಡಿ ಬ್ರೇಕ್ ರಬ್ಬರ್) ಕೈಲೆ ತಿರುವಿದ್ರ ತಿರುಗಬಾರದು. ಸೈಜ್ ಹಿಗ್ಗಿಸೂ ಸ್ಕೇಟ್ ಇದ್ರ ಅದರ ಲಾಕ್ ಗುಂಡಿ ಪೂರ್ತಿ ಕುಂತೈತಿ ಇಲ್ಲ ನೋಡ್ರಿ, ಅರ್ಧ ಕುಂತಿದ್ರ ಓಡೂ ಮುಂದ ಬೂಟ್ ಉದ್ದ ಆಗತೈತಿ.

ಬೂಟಿನ ಅಳತಿ: ಕಟ್ಟಿದ ಮ್ಯಾಲೆ ಮೊಣಕಾಲ ಬಾಗಿಸಿದ್ರ ಹಿಮ್ಮಡಿ ಮ್ಯಾಲಕ್ಕ ಏಳಬಾರದು. ಹಿಮ್ಮಡಿ ಏಳತೈತಂದ್ರ ಒಂದು ಸೈಜ್ ಸಣ್ಣದು ಕೊಡ್ರಿ. ‘ನಮ್ಮ ಹುಡುಗನ ಕಾಲಿಗಿ ಶಕ್ತಿ ಇಲ್ಲ, ಪಾದ ಒಳಗ ಬಾಗತಾವ’ ಅಂತಾರಲ್ಲ, ಬಹಳ ಸಲ ಅದು ಬೂಟ್ ಸಡ್ಲ ಇದ್ದದ್ದಕ್ಕ. ಲೇಸಿನ ತುದಿ ಬೂಟಿನೊಳಗ ತುರುಕಬೇಕು. ಗಾಲಿಗಿ ಸುತ್ತಿತಂದ್ರ ಮುಗಿಲ ನೋಡೂದ.

ಬೇರಿಂಗ್ ಬಹಳಷ್ಟು 608 ನಂಬರ್, ಒಳಗ 8, ಹೊರಗ 22, ದಪ್ಪ 7 ಮಿ.ಮೀ. ಒಂದು ಜೋಡಿ ಸ್ಕೇಟಿಗಿ 16 ಬೇಕು. ಸ್ಕೇಟಿಗಿ ಅಂತ ಕೇಳಿದ್ರ ಸಿಗಲಿಕ್ಕಂದ್ರ ಯಾವ ಬೇರಿಂಗ್ ಅಂಗಡ್ಯಾಗಾದ್ರೂ 608 ಅಂತ ಕೇಳ್ರಿ. ಸ್ಕೇಟ್ ನೀರಾಗ ತೊಳಿಬ್ಯಾಡ್ರಿ. ಬೇರಿಂಗ್ ತಗದು ಸೀಮೆಎಣ್ಣಿ ಒಳಗ ಅಲ್ಲಾಡಿಸಿ, ಅರಿವಿ ಮ್ಯಾಲೆ ಪೂರ್ತಿ ಒಣಗಿಸಿ, ಹೊಲಿಗಿ ಮಷಿನ್ ಎಣ್ಣಿ ಎರಡ ಹನಿ ಬಿಡ್ರಿ. ಕೊಬ್ಬರಿ ಎಣ್ಣಿ ಹಾಕಿದ್ರ ಗಸಿ ಕಟ್ಟಿ ದೂಳು ಹಿಡಿತೈತಿ. ಕಾಲು ಬದಿಗಿ ತಳ್ಳೂದ್ರಿಂದ ಇನ್‌ಲೈನ್ ಗಾಲಿ ಒಳಬದಿ ಹೆಚ್ಚು ಸವಿತಾವ. 1ನೇದ್ದು 3ಕ್ಕ, 2ನೇದ್ದು 4ಕ್ಕ ಬದಲಿ ಮಾಡಿ, ಸವದ ಬದಿ ಹೊರಗ ಬರೂಹಂಗ ತಿರುವಿ ಹಾಕ್ರಿ.

---

ಎಲುಬು_ಕೀಲು_ವಾರ್ಡ್:

ರಿಂಕಿನಲ್ಲಿ ಅತಿ ಹೆಚ್ಚು ಮುರಿಯೋದು ಮಣಿಕಟ್ಟು. ಬೀಳುವಾಗ ಎಲ್ಲರೂ ಅಂಗೈ ಚಾಚುತ್ತಾರೆ, ಮೈಭಾರವೆಲ್ಲ ಅಲ್ಲಿಗೆ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಇನ್‌ಲೈನ್ ಸ್ಕೇಟಿಂಗ್ ಅಧ್ಯಯನದಲ್ಲಿ, ಮಣಿಕಟ್ಟಿನ ಗಾರ್ಡ್ ಹಾಕದವರಿಗೆ ಮಣಿಕಟ್ಟಿನ ಗಾಯದ ಸಾಧ್ಯತೆ ಸುಮಾರು ಹತ್ತು ಪಟ್ಟು ಹೆಚ್ಚು ಕಂಡುಬಂದಿತ್ತು. ಆದರೂ ಬಾಡಿಗೆ ಕೊಡುವ ಕಡೆ ಮೊಣಕಾಲ ಪ್ಯಾಡ್ ಸಿಗುತ್ತದೆ, ಮಣಿಕಟ್ಟಿನದು ಸಿಗೋದಿಲ್ಲ. 40 ಜೋಡಿ ಸ್ಕೇಟಿಗೆ 40 ಜೋಡಿ ಮಣಿಕಟ್ಟಿನ ಗಾರ್ಡ್ ಇಡಿ, ದಯವಿಟ್ಟು. ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಅಂಗೈ ಕಡೆಗೆ ಬರಬೇಕು, ಮಕ್ಕಳು ಮೇಲುಕೆಳಗಾಗಿ ಹಾಕಿಕೊಂಡಿರುತ್ತಾರೆ.

ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ ಇರಲಿ, ಅಪ್ಪ-ಅಮ್ಮಂದಿರಿಗೂ. ಇಎನ್ 1078 ಗುರುತು ಇರುವುದು ಸೈಕಲ್, ಸ್ಕೇಟ್‌ಬೋರ್ಡ್, ರೋಲರ್ ಸ್ಕೇಟ್ ಮೂರಕ್ಕೂ ಆಗುತ್ತದೆ. ಹುಬ್ಬಿನ ಮೇಲೆ ಎರಡು ಬೆರಳು ಅಂತರ, ಗದ್ದದ ಪಟ್ಟಿಯಲ್ಲಿ ಒಂದು ಬೆರಳು ಹೋಗುವಷ್ಟು ಸಡಿಲ. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಅಮುಕಿರುತ್ತದೆ, ಮತ್ತೆ ಕೊಡಬೇಡಿ.

ಮಣಿಕಟ್ಟು ಊದಿದರೆ ಅಥವಾ ಸೊಟ್ಟಗೆ ಕಂಡರೆ ಮೊದಲ ಕೆಲಸ ಬಳೆ, ಉಂಗುರ, ವಾಚ್ ತೆಗೆಯೋದು. ಹತ್ತು ನಿಮಿಷ ತಡವಾದರೆ ಅವನ್ನು ಕತ್ತರಿಸಿಯೇ ತೆಗೆಯಬೇಕಾದೀತು. ಆಮೇಲೆ ದಪ್ಪ ರಟ್ಟನ್ನು ಮೊಣಕೈ ಕೆಳಗಿನಿಂದ ಅಂಗೈಯವರೆಗೆ ಇಟ್ಟು, ಇದ್ದ ಸ್ಥಿತಿಯಲ್ಲೇ ಬ್ಯಾಂಡೇಜ್ ಸುತ್ತಿ ದುಪಟ್ಟಾದಿಂದ ಕೊರಳಿಗೆ ಕಟ್ಟಿ. ಬೆರಳು ತಣ್ಣಗಾದರೆ, ಬಿಳುಚಿಕೊಂಡರೆ, ಜೋಮು ಹಿಡಿದರೆ ಸುತ್ತಿದ್ದನ್ನು ಸಡಿಲ ಮಾಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಎಕ್ಸ್‌ರೇ ಆಗುವವರೆಗೆ ತಿನ್ನಲು ಕೊಡಬೇಡಿ.

ಎಣ್ಣೆ ಹಚ್ಚಿ ತಿಕ್ಕೋದು, ಎಳೆದು ಕೂಡಿಸೋದು, ಕಟ್ಟು ಕಟ್ಟುವವರ ಹತ್ತಿರ ಕರೆದೊಯ್ಯೋದು ನಮ್ಮ ಕಡೆ ಇನ್ನೂ ಇದೆ. ಮಕ್ಕಳ ಮಣಿಕಟ್ಟಿನ ಹತ್ತಿರ ಎಲುಬು ಬೆಳೆಯುವ ಪದರ ಇರುತ್ತದೆ. ಅದಕ್ಕೆ ಪೆಟ್ಟಾಗಿ, ತಪ್ಪಾಗಿ ಕೂಡಿದರೆ ಆ ಕೈ ಗಿಡ್ಡ ಅಥವಾ ಸೊಟ್ಟ ಬೆಳೆಯುವ ಅಪಾಯ ಇದೆ. ಎಕ್ಸ್‌ರೇ ಆಗಲೇಬೇಕು.

ತಲೆಗೆ ಪೆಟ್ಟಾದವರು ಆ ದಿನ ಮತ್ತೆ ರಿಂಕಿಗೆ ಇಳಿಯಬಾರದು, ‘ಏನೂ ಆಗಿಲ್ಲ’ ಅಂದರೂ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳೋದು, ನಿದ್ದೆಗಣ್ಣು, ಮೂಗು-ಕಿವಿಯಿಂದ ನೀರು ಅಥವಾ ರಕ್ತ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಕುತ್ತಿಗೆ ನೋವು ಅಂದವರನ್ನು ಎಬ್ಬಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ, ರಿಂಕ್ ಖಾಲಿ ಮಾಡಿಸಿ ಅಲ್ಲೇ ಕಾಯಿರಿ.

ಶಾಶ್ವತ ಹಲ್ಲು ಉದುರಿದರೆ ಬೇರಿನ ಕಡೆ ಮುಟ್ಟದೆ ಹಿಡಿದು ಹಾಲಿನಲ್ಲಿ ಹಾಕಿ, ಅರ್ಧ-ಒಂದು ತಾಸಿನಲ್ಲಿ ದಂತವೈದ್ಯರ ಹತ್ತಿರ ಮುಟ್ಟಿಸಿ. ಹಾಲಿನ ಹಲ್ಲಾದರೆ ವಾಪಸ್ ಕೂರಿಸೋದಿಲ್ಲ.

---

ಸಾಧನಕೇರಿ_ಅಕ್ಕ:

ವಾತಾವರಣದ ಬಗ್ಗೆ ಕೇಳಿದ್ದೀರಿ, ಅದಕ್ಕ ಉತ್ತರ ಕೊಡ್ತೀನಿ. ಹೆಣ್ಣುಮಕ್ಕಳು ರಿಂಕಿಗೆ ಬರಲಿಕ್ಕೆ ಹಿಂಜರಿಯೋದು ಬೀಳ್ತೀವಿ ಅಂತ ಅಲ್ಲ, ಬಿದ್ದಾಗ ಸುತ್ತ ನಿಂತವರು ನಗ್ತಾರ, ವಿಡಿಯೋ ಮಾಡ್ತಾರ ಅಂತ. ಆದ್ದರಿಂದ ರೇಲಿಂಗಿಗೆ ಒರಗಿ ನಿಲ್ಲೋದು ಬಂದ್ ಮಾಡ್ರಿ. ನೋಡಲಿಕ್ಕೆ ಬಂದವರಿಗೆ ರೇಲಿಂಗಿನಿಂದ ಎರಡು ಮೀಟರ್ ದೂರ ಬೆಂಚು ಹಾಕ್ರಿ. ತಮ್ಮ ಮಕ್ಕಳ ಫೋಟೋ ಬೇಕಾದವರಿಗೆ ಬ್ಯಾಚಿನ ಕೊನೆಯ ಐದು ನಿಮಿಷ, ಗೇಟ್ ಹತ್ತಿರ ಒಂದು ಜಾಗ ಕೊಡ್ರಿ. ಉಳಿದ ಹೊತ್ತು ಯಾರೂ ಕ್ಯಾಮೆರಾ ಎತ್ತಬಾರದು. ಇದನ್ನ ಬೋರ್ಡಿನ ಮ್ಯಾಲೆ ಬರದು ಬಿಟ್ಟರ ಸಾಲದು, ಪ್ರತಿ ಬ್ಯಾಚ್ ಶುರುವಾಗುವಾಗ ಮೈಕಿನ್ಯಾಗ ಹೇಳಬೇಕು.

ಮೂವರು ನಿಗಾದಾರರಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳು ಇರಲಿ, ಅವರನ್ನ ಹೊಸಬರ ಜಾಗಕ್ಕೇ ಹಾಕ್ರಿ. ಕಲಿಸುವಾಗ ಕೈ ಹಿಡಿಯೋದು, ನಡ ಹಿಡಿಯೋದು ಬೇಡ. ಕಲಿಯೋರು ನಿಗಾದಾರರ ಮುಂಗೈ ಹಿಡಿಯಲಿ. ನಾಲ್ಕು ಬ್ಯಾಚಿನಲ್ಲಿ ಮೊದಲನೇದು, 4 ಗಂಟೆಯದು, ಹೆಣ್ಣುಮಕ್ಕಳು ಮತ್ತು 40 ದಾಟಿದವರಿಗೆ ಮೀಸಲಿಟ್ಟರ ಕ್ರಮೇಣ ಅವರೇ ಉಳಿದ ಬ್ಯಾಚಿಗೂ ಬರ್ತಾರ. ಕೋಚಿಂಗ್ ಹುಡುಗರಿಗೆ ಕೊನೇ ಬ್ಯಾಚ್.

ಉಡುಪು: ದುಪಟ್ಟಾ ಬಿಚ್ಚಿ ಇಡಬೇಕು ಇಲ್ಲಾ ನಡಕ್ಕ ಬಿಗಿಯಾಗಿ ಸುತ್ತಬೇಕು. ಪಲಾಝೋ, ಸೀರಿ ಬೇಡ. ಗಾಜಿನ ಬಳಿ ತಗದು ಇಡಲಿಕ್ಕೆ ಗೇಟಿನಲ್ಲಿ ಸಣ್ಣ ಡಬ್ಬಿಗಳು ಇರಲಿ, ಒಡೆದ ಬಳಿಚೂರು ನೆಲದ ಮ್ಯಾಲೆ ಎಲ್ಲರಿಗೂ ಅಪಾಯ. ಜಡಿ ಉದ್ದ ಇದ್ದವರು ತುರುಬು ಕಟ್ಟಲಿ.

ತಿಂಡಿ ಗಾಡಿಗಳನ್ನ ದೂರ ಇಡ್ರಿ. ಗಿರಮಿಟ್ಟಿನ ಒಂದು ಚುರುಮುರಿ, ಶೇಂಗಾ ಸಿಪ್ಪಿ, ಮಿರ್ಚಿಯ ಎಣ್ಣಿ ಹತ್ತಿದ ಕಾಗದ ಒಳಗ ಬಂದರ ಯಾರೋ ಬೀಳೋದು ನಿಶ್ಚಿತ. 15 ಮೀಟರ್ ಆಚೆ ಗಾಡಿ, ಅಲ್ಲೇ ಕಸದ ಡಬ್ಬಿ, ರಿಂಕಿಗೆ ಬರುವ ದಾರಿಯಲ್ಲಿ ಕೈ ತೊಳಿಯುವ ನಲ್ಲಿ. ಚಪ್ಪಲಿ ಹಾಕಿದ ಪಾಲಕರು ರಿಂಕಿನೊಳಗ ಕಾಲಿಡಬಾರದು. ಚಪ್ಪಲಿ ತಳದ ಕಡ್ಲಿಕಾಳಿನಷ್ಟು ಕಲ್ಲು ಗಾಲಿ ತಡೆದು ನಿಲ್ಲಿಸಲಿಕ್ಕೆ ಸಾಕು, ಮತ್ತ ಅವರದೇ ಬೆರಳ ಮ್ಯಾಲೆ ಗಾಲಿ ಹಾಯ್ತದ.

ಹಾಡು ಹಾಕ್ರಿ, ಹಾಡಿಲ್ಲದ ರಿಂಕು ಸಪ್ಪಗ ಇರ್ತದ. ಆದರ ರಿಂಕಿನ ಆ ತುದಿಯಿಂದ ಊದಿದ ಸೀಟಿ ಈ ತುದಿಗೆ ಕೇಳಬೇಕು, ಅದಕ್ಕಿಂತ ಜೋರು ಬೇಡ. ಹೊಸಬರ ಬ್ಯಾಚಿಗೆ ನಿಧಾನ ತಾಳದ ಹಾಡೇ ಇರಲಿ. ತಾಳ ಏರಿದರ ಹುಡುಗರ ಕಾಲೂ ಏರ್ತದ. ವಸತಿ ಪ್ರದೇಶಕ್ಕ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಸ್ಪೀಕರ್ ಮನೆಗಳ ಕಡೆ ಮುಖ ಮಾಡದಂಗ ಕೆಳಗ ಬಾಗಿಸಿ ಕಟ್ಟಿಸ್ರಿ, ನೆರೆಹೊರೆಯವರು ನಿಮ್ಮ ಬೆನ್ನಿಗೆ ಇದ್ದರ ರಿಂಕು ಉಳೀತದ.

---

ನವನಗರ_ಹುಬ್ಬಳ್ಳಿ:

ಎಲ್ಲರಿಗೂ ಧನ್ಯವಾದ. ರೇಲಿಂಗಿಗೆ ಶೀಟ್ ಹೊಡೆಸುವವರೆಗೆ ಸಾರ್ವಜನಿಕರಿಗೆ ಬಿಡೋದು ಬೇಡ ಅಂತ ಸಂಘದವರಿಗೆ ಹೇಳ್ತೀನಿ, ಮಣಿಕಟ್ಟಿನ ಗಾರ್ಡ್‌ಗೂ ಆರ್ಡರ್ ಕೊಡ್ತೀವಿ. ಇನ್ನೊಂದು ಪ್ರಶ್ನೆ: ಶೆಡ್ ಇಲ್ಲ. ಜೂನ್‌ನಿಂದ ಮಳೆ, ಡಿಸೆಂಬರಿನಲ್ಲಿ ಇಬ್ಬನಿ. ಪಕ್ಕದಲ್ಲೇ ದೊಡ್ಡ ಬೇವಿನ ಮರ ಬೇರೆ ಇದೆ. ನೆಲ ಆಡಲು ಯೋಗ್ಯ ಇದೆಯೋ ಇಲ್ಲವೋ ಅಂತ ಹೇಗೆ ತೀರ್ಮಾನಿಸೋದು?

---

ರಿಂಕ್_ಕೋಚ್_ಧಾರವಾಡ:

ಕಣ್ಣಿಗೆ ಒಣ ಕಂಡರೆ ನಂಬಬ್ಯಾಡ್ರಿ. ನಾಲ್ಕು ಮೂಲೆ ಮತ್ತು ನಡುವೆ, ಹೀಗೆ ಐದು ಕಡೆ ಒಣ ಅಂಗೈ ಒತ್ತಿ ನೋಡಿ. ಒಂದು ಕಡೆ ತೇವ ಹತ್ತಿದರೂ ಬಿಡಬೇಡಿ. ಮಳೆ ನಿಂತ ಮೇಲೆ ರಬ್ಬರ್ ವೈಪರಿನಿಂದ ಇಳಿಜಾರಿನ ಕಡೆ ನೀರು ಎಳೆದು, ಆಮೇಲೆ ಒಣ ಮಾಪ್ ಹಾಕಿ. ಬಿಸಿಲಿದ್ದರೆ ಅರ್ಧ ತಾಸಿಗೆ ಒಣಗುತ್ತದೆ, ಮೋಡ ಕವಿದ ದಿನ ಎರಡು ತಾಸಾದರೂ ಕಾಯಬೇಕು. ಹನಿ ಬಿದ್ದ ಕೂಡಲೇ ಉದ್ದನೆಯ ಸೀಟಿ ಊದಿ. ಮೊದಲ ಹನಿಗಳೇ ಹೆಚ್ಚು ಅಪಾಯ, ನೆಲದ ಮೇಲಿನ ದೂಳು ಕೆಸರಿನ ತೆಳು ಪದರ ಆಗಿರುತ್ತದೆ. ಆಗ ಎಲ್ಲರೂ ಇದ್ದಲ್ಲೇ ನಿಂತು, ನಿಗಾದಾರರು ಹೇಳಿದ ಹಾಗೆ ರೇಲಿಂಗ್ ಹಿಡಿದು ಒಬ್ಬೊಬ್ಬರಾಗಿ ಹೊರಗೆ ಬರಬೇಕು, ಗೇಟಿಗೆ ಓಡಬಾರದು. ನೀರು ಕುಡಿದ ಸ್ಕೇಟಿನ ಬೇರಿಂಗ್ ಅದೇ ರಾತ್ರಿ ಬಿಚ್ಚಿ ಒಣಗಿಸದಿದ್ದರೆ ತುಕ್ಕು ಹಿಡಿಯುತ್ತದೆ.

ಡಿಸೆಂಬರ್, ಜನವರಿಯಲ್ಲಿ ನಿಮ್ಮ ಸಂಜೆಯ ಬ್ಯಾಚಿಗೆ ಇಬ್ಬನಿಯ ತೊಂದರೆ ಇಲ್ಲ, ಬೆಳಗಿನ ಕೋಚಿಂಗಿಗೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 4 ಗಂಟೆಗೆ ಕಾಂಕ್ರೀಟ್ ಕಾದಿರುತ್ತದೆ, ಬಿದ್ದವರ ಅಂಗೈ ಸುಡುತ್ತದೆ. ಆ ಎರಡು ತಿಂಗಳು 5ರಿಂದ 9 ಮಾಡಿಕೊಳ್ಳಿ.

ಬೇವಿನ ಮರ ಕಡಿಯೋದು ಬೇಡ, ರಿಂಕಿನ ಮೇಲೆ ಚಾಚಿದ ಕೊಂಬೆ ಮಾತ್ರ ಸವರಿಸಿ. ಮಳೆಗಾಲದ ಶುರುವಿಗೆ ಬೇವಿನ ಹಣ್ಣು ಉದುರುತ್ತವೆ. ಅವು ಗಾಲಿಗೆ ಸಿಕ್ಕು ಒಡೆದರೆ ಒಳಗಿನ ಅಂಟು ನೆಲಕ್ಕೆ ಮೆತ್ತುತ್ತದೆ, ಗುಡಿಸಿದರೆ ಹೋಗೋದಿಲ್ಲ. ಹಿಂದಿನ ದಿನ ಸಂಜೆಯೇ ಸೋಪಿನ ನೀರು ಹಾಕಿ ತಿಕ್ಕಿ, ಸೋಪು ಉಳಿಯದಂತೆ ತೊಳೆದು ರಾತ್ರಿ ಒಣಗಲು ಬಿಡಿ. ಭಾನುವಾರ ಬೆಳಿಗ್ಗೆಗೆ ಆ ಕೆಲಸ ಇಟ್ಟುಕೊಂಡರೆ ಮೋಡದ ದಿನ ಸಂಜೆವರೆಗೂ ತೇವ ಆರೋದಿಲ್ಲ. ಕಡ್ಡಿ ಬಾರಿಗೆಯಿಂದ ಗುಡಿಸಬೇಡಿ, ಕಡ್ಡಿ ಮುರಿದು ಅಲ್ಲೇ ಉಳಿಯುತ್ತದೆ. ಮೂರಡಿ ಅಗಲದ ಒಣ ಡಸ್ಟ್ ಮಾಪ್ ತಂದರೆ 800 ಚದರ ಮೀಟರ್ ಇಬ್ಬರಿಗೆ ಹತ್ತು ನಿಮಿಷದ ಕೆಲಸ.